ಲೆಕ್ಕಕ್ಕೆ ಬಾರದ ಮಂಡಿ ನೋವಿನ ಮಾತ್ರೆ: ಸಕಲೇಶಪುರ ಕಡೆಯ ಒಂದು ಪ್ರಕರಣ

"ಡಾಕ್ಟ್ರೇ, ಈ ಬಿಪಿ ಮಾತ್ರೆ ಕಿಡ್ನಿಗೆ ಹೊಡೆಯುತ್ತೆ ಅಂತಾರಲ್ಲ, ಹೌದಾ?"

ಹಾಸನದಲ್ಲಿ ಫಿಸಿಷಿಯನ್ ಆಗಿರುವ ನನಗೆ ಈ ಪ್ರಶ್ನೆ ಹೆಚ್ಚು ಕಡಿಮೆ ದಿನಾ ಎದುರಾಗುತ್ತದೆ. ನನ್ನ ಉತ್ತರವೂ ಬಾಯಿಪಾಠ ಆಗಿಹೋಗಿತ್ತು. "ಇಲ್ಲ, ಬಿಪಿ ಹತೋಟಿಗೆ ಬರದಿದ್ರೆ ಕಿಡ್ನಿ ಹಾಳಾಗೋದು. ಮಾತ್ರೆ ಬಿಡಬೇಡಿ." ಉತ್ತರ ತಪ್ಪಲ್ಲ. ಆದರೆ ಒಬ್ಬರ ವಿಷಯದಲ್ಲಿ ಅಷ್ಟು ಹೇಳಿ ಮುಂದಿನವರನ್ನು ಕರೆದದ್ದು ದುಬಾರಿಯಾಯಿತು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ತೋಟದಲ್ಲಿ ಎಲ್ಲರೂ ಕರೆಯುವ ಹಾಗೆ ರೈಟ್ರು (ತೋಟದ ಹಾಜರಿ, ಲೆಕ್ಕ ಬರೆಯುವವರು) ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ರೈಟ್ರಿಗೆ ಆಗ 57 ವರ್ಷ. ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವರು. ಬೆಳಿಗ್ಗೆ ಆಳುಗಳ ಹಾಜರಿ, ಹಗಲೆಲ್ಲ ಇಳಿಜಾರಿನಲ್ಲಿ ಓಡಾಟ, ಸಂಜೆ ಕೊಯ್ದ ಹಣ್ಣಿನ ತೂಕ. ಬೀಡಿ, ಕುಡಿತ ಇಲ್ಲ. ಶುಗರ್ ಇಲ್ಲ. 6 ವರ್ಷದ ಹಿಂದೆ ಒಂದು ತಪಾಸಣಾ ಶಿಬಿರದಲ್ಲಿ ಬಿಪಿ 168/102 ಇತ್ತು. ಆಮ್ಲೋಡಿಪಿನ್ ಶುರುವಾಯಿತು. ಎರಡು ವರ್ಷದ ನಂತರ ಟೆಲ್ಮಿಸಾರ್ಟಾನ್ 40 ಸೇರಿತು. ಅಲ್ಲಿಂದ ಬಿಪಿ 130ರ ಆಸುಪಾಸಿನಲ್ಲಿ ಚೆನ್ನಾಗಿಯೇ ಇತ್ತು.

ಈ ಘಟನೆಗೆ 11 ತಿಂಗಳ ಮುಂಚೆ, ಒಂದು ಮಾರ್ಚ್‌ನಲ್ಲಿ ಬಂದರು. ಬಿಪಿ 158/96. ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ, 156/94. ಉಪ್ಪು, ಉಪ್ಪಿನಕಾಯಿ, ನಿದ್ದೆ ಎಲ್ಲ ವಿಚಾರಿಸಿದೆ. "ಮಾತ್ರೆ ಸರಿಯಾಗಿ ತಗೋತಿದೀರಾ?" ಅಂದೆ. "ತಗೋತೀನಿ." "ಬೇರೆ ಏನಾದ್ರೂ ಮಾತ್ರೆ?" "ಏನೂ ಇಲ್ಲ ಡಾಕ್ಟ್ರೇ." ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.0 ಇತ್ತು, ಅಂದರೆ ಕಿಡ್ನಿ ಚೆನ್ನಾಗಿತ್ತು. ಎರಡು ಮಾತ್ರೆಗೆ ಬಗ್ಗದ ಬಿಪಿಗೆ ಮೂರನೆಯದು ಸೇರಿಸುವುದು ರೂಢಿ. ಮೂತ್ರದ ಮೂಲಕ ಉಪ್ಪು ಮತ್ತು ನೀರನ್ನು ಹೊರಹಾಕುವ ಕ್ಲೋರ್‌ಥಾಲಿಡೋನ್ 12.5 ಬರೆದೆ.

ಚೀಟಿ ಕೈಗೆ ತೆಗೆದುಕೊಳ್ಳುವಾಗಲೇ ಅವರು ಮೇಲಿನ ಪ್ರಶ್ನೆ ಕೇಳಿದ್ದು. ನಾನು ಎಂದಿನ ಉತ್ತರ ಕೊಟ್ಟೆ. ಅವರು ತಲೆಯಾಡಿಸಿ ಒಂದು ಕ್ಷಣ ನಿಂತರು. ಏನೋ ಹೇಳುವವರಿದ್ದರು. ಹೊರಗೆ ಸುಮಾರು ಜನ ಕಾಯುತ್ತಿದ್ದರು, ನಾನು ಗಂಟೆ ಒತ್ತಿದೆ.

ಸಮಸ್ಯೆ

ಮುಂದಿನ ಫೆಬ್ರವರಿ. ರೊಬಸ್ಟಾ ಕೊಯ್ಲು ಜೋರಾಗಿದ್ದ ಸಮಯ. ಒಂದು ಮಧ್ಯಾಹ್ನ ರೈಟ್ರನ್ನು ಅವರ ಹೆಂಡತಿ ಮತ್ತು ಪಕ್ಕದ ಮನೆಯ ಹುಡುಗ ಕಾರಿನಲ್ಲಿ ಕರೆದುಕೊಂಡು ಬಂದರು. ಊರಹಬ್ಬದ ಊಟ ಆದ ಮಾರನೇ ದಿನದಿಂದ ವಾಂತಿ, ಭೇದಿ. ಮೂರು ದಿನ ಆಗಿತ್ತು. ಮಧ್ಯದಲ್ಲಿ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಯಾವುದೆಂದು ಚೀಟಿಯಲ್ಲಿ ಇರಲಿಲ್ಲ. ಭೇದಿ ಕಮ್ಮಿಯಾಗಿತ್ತು, ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ. ಹಿಂದಿನ ರಾತ್ರಿಯಿಂದ ಒಂದೇ ಸಲ ಮೂತ್ರ, ಅದೂ ಚಹಾದ ಡಿಕಾಕ್ಷನ್ ಬಣ್ಣದ್ದು.

ಬಿಪಿ 88/60. ನಾಲಿಗೆ ಒಣಗಿ ಕೊರಡಾಗಿತ್ತು. ರಕ್ತದ ವರದಿ ಬಂದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಕ್ರಿಯಾಟಿನಿನ್ 3.6, ಯೂರಿಯಾ 124, ಪೊಟ್ಯಾಸಿಯಂ 6.1. ಪೊಟ್ಯಾಸಿಯಂ 5ರ ಒಳಗಿದ್ದರೆ ನೆಮ್ಮದಿ. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಇಸಿಜಿಯಲ್ಲಿ ಅಲೆಗಳು ಆಗಲೇ ಗುಡಾರದ ತುದಿಯ ಹಾಗೆ ಚೂಪಾಗಿದ್ದವು.

ಅವರ ಹೆಂಡತಿ ಹೇಳಿದ ಒಂದು ಮಾತು ಈಗಲೂ ಕಿವಿಯಲ್ಲಿದೆ. "ಏನು ಆದ್ರೂ ಬಿಪಿ ಮಾತ್ರೆ ಮಾತ್ರ ಬಿಟ್ಟಿಲ್ಲ ಡಾಕ್ಟ್ರೇ. ವಾಂತಿ ಆದ್ರೆ ಮತ್ತೊಂದು ಕೊಟ್ಟಿದೀನಿ. ನೀವೇ ಬಿಡಬೇಡಿ ಅಂದಿದ್ರಲ್ಲ."

ಮಾಡಿದ್ದೇನು

ಮೊದಲು ಹೃದಯ ಕಾಪಾಡಬೇಕಿತ್ತು. ಕ್ಯಾಲ್ಸಿಯಂ ಇಂಜೆಕ್ಷನ್, ಆಮೇಲೆ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಜೊತೆ ಗ್ಲೂಕೋಸ್. ಟೆಲ್ಮಿಸಾರ್ಟಾನ್, ಕ್ಲೋರ್‌ಥಾಲಿಡೋನ್, ಆಮ್ಲೋಡಿಪಿನ್ ಮೂರನ್ನೂ ನಿಲ್ಲಿಸಿದೆ. ಸಲೈನ್ ಓಡಿಸಿದೆವು. ಮೂತ್ರದ ನಳಿಕೆ ಹಾಕಿ ಗಂಟೆಗೊಮ್ಮೆ ಅಳೆಯಲು ನರ್ಸ್‌ಗೆ ಹೇಳಿದೆ. ಮೊದಲ ಗಂಟೆ ಬಂದದ್ದು 20 ಎಂಎಲ್. ರಾತ್ರಿ ಹೊತ್ತಿಗೆ ಬಿಪಿ 108ಕ್ಕೆ ಏರಿತು. ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಸರಿಯಾದ ಗಾತ್ರದಲ್ಲಿದ್ದವು, ಎಲ್ಲೂ ಅಡ್ಡಿ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತ ಇಲ್ಲ. ವರ್ಷಗಟ್ಟಲೆ ಹಾಳಾದ ಕಿಡ್ನಿ ಸಾಮಾನ್ಯವಾಗಿ ಸುಕ್ಕಾಗಿ ಚಿಕ್ಕದಾಗಿರುತ್ತದೆ. ಇದು ಹೊಸ ಪೆಟ್ಟು ಅಂತ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಮೂತ್ರ ಗಂಟೆಗೆ 45 ಎಂಎಲ್ ಬರುತ್ತಿತ್ತು. ಪೊಟ್ಯಾಸಿಯಂ 5.2ಕ್ಕೆ ಇಳಿದಿತ್ತು. ಆದರೆ ಕ್ರಿಯಾಟಿನಿನ್ 3.9. ಬೆಂಗಳೂರಿನಿಂದ ಮಗ ಫೋನ್ ಮಾಡಿದ. "ಸಾರ್, ಕ್ರಿಯಾಟಿನಿನ್ ಏರ್ತಾ ಇದೆ. ಡಯಾಲಿಸಿಸ್ ಬೇಕಾಗುತ್ತಾ? ಇಲ್ಲಿಗೆ ಕರ್ಕೊಂಡು ಬಂದ್ಬಿಡ್ಲಾ?"

ಇದು ನಿಜವಾದ ಕವಲು ದಾರಿ. ಮಗನ ಭಯ ನ್ಯಾಯವಾದದ್ದು. ನಾನು ಅವನಿಗೆ ಹೇಳಿದ್ದು ಇಷ್ಟು. ಕ್ರಿಯಾಟಿನಿನ್ ಸಂಖ್ಯೆ ನೋಡಿಕೊಂಡು ಮಾತ್ರ ಡಯಾಲಿಸಿಸ್ ಮಾಡುವುದಿಲ್ಲ. ಪೊಟ್ಯಾಸಿಯಂ ಔಷಧಿಗೆ ಬಗ್ಗದಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿದರೆ, ರಕ್ತದಲ್ಲಿ ಆಮ್ಲ ತುಂಬಾ ಜಾಸ್ತಿಯಾದರೆ, ಮಂಪರು ಬಂದರೆ ಆಗ ತಡ ಮಾಡಬಾರದು. ಅಪ್ಪನಿಗೆ ಇದ್ಯಾವುದೂ ಇಲ್ಲ. ಮೂತ್ರ ಹೆಚ್ಚುತ್ತಿದೆ. ಕ್ರಿಯಾಟಿನಿನ್ ಒಂದೆರಡು ದಿನ ಹಿಂದೆ ಬೀಳುತ್ತದೆ, ಕಿಡ್ನಿ ಚೇತರಿಸಿಕೊಳ್ಳಲು ಶುರು ಮಾಡಿದ ಮೇಲೂ ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ. 24 ಗಂಟೆ ಕೊಡಿ, ಅಷ್ಟರಲ್ಲಿ ಮೂತ್ರ ಕಮ್ಮಿಯಾದರೆ ನಾನೇ ಆಂಬುಲೆನ್ಸ್ ಹತ್ತಿಸಿ ಕಳಿಸುತ್ತೇನೆ ಅಂದೆ. ಅವನು ಒಪ್ಪಿ, ಆ ರಾತ್ರಿಯೇ ಬಸ್ ಹತ್ತಿ ಬಂದ.

ನೆಂಟರೊಬ್ಬರು "ಮೂತ್ರ ಬರಿಸೋ ಇಂಜೆಕ್ಷನ್ ಹಾಕಿಬಿಡಿ" ಅಂತ ಒತ್ತಾಯ ಮಾಡಿದರು. ಹಾಕಲಿಲ್ಲ. ಮೈಯಲ್ಲಿ ನೀರೇ ಕಮ್ಮಿ ಇದ್ದಾಗ ಇದ್ದದ್ದನ್ನೂ ಹೊರಗೆ ಕಳಿಸಿದರೆ ಕಿಡ್ನಿಗೆ ಇನ್ನಷ್ಟು ಕಷ್ಟ.

ಆ ಸಂಜೆ ಪೊಟ್ಯಾಸಿಯಂ ಮತ್ತೆ 5.7. ಏಕೆಂದು ತಿಳಿಯಲಿಲ್ಲ. ವಾರ್ಡಿಗೆ ಹೋದರೆ ಮಂಚದ ಕೆಳಗೆ ಎಳನೀರಿನ ಬುರುಡೆಗಳು. ನೋಡಲು ಬಂದವರೆಲ್ಲ ಒಂದೊಂದು ಜೊತೆ ತಂದಿದ್ದರು. ನಮ್ಮಲ್ಲಿ ಆಸ್ಪತ್ರೆಗೆ ಬರಿಗೈಯಲ್ಲಿ ಹೋಗುವುದುಂಟೇ? ಬೆಳಗ್ಗೆಯಿಂದ ನಾಲ್ಕು ಕುಡಿದಿದ್ದರು. "ಎಳನೀರು ತಂಪಲ್ವಾ ಡಾಕ್ಟ್ರೇ, ಕಿಡ್ನಿಗೆ ಒಳ್ಳೇದು ಅಂತ ಕೊಟ್ಟೆ" ಅಂದರು ಹೆಂಡತಿ. ಆಕೆಯ ತಪ್ಪೇನೂ ಇಲ್ಲ, ನಾನು ಹೇಳಿರಲಿಲ್ಲ. ಕಿಡ್ನಿ ಚೆನ್ನಾಗಿರುವವರಿಗೆ ಎಳನೀರು ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ತುಂಬಾ, ಒಂದು ಬಾಳೆಹಣ್ಣಿಗಿಂತ ಜಾಸ್ತಿ. ಹೆಚ್ಚಾದದ್ದನ್ನು ಕಿಡ್ನಿ ಹೊರಹಾಕುತ್ತದೆ. ಆ ಕಿಡ್ನಿಯೇ ಮಲಗಿದ್ದಾಗ ಹೊರಹಾಕುವವರು ಯಾರು? ಆವತ್ತಿನಿಂದ ಕಿಡ್ನಿ ತೊಂದರೆಯವರು ಅಡ್ಮಿಟ್ ಆದ ಮೊದಲ ಗಂಟೆಯಲ್ಲೇ ಎಳನೀರು, ಹಣ್ಣಿನ ರಸದ ವಿಷಯ ಮನೆಯವರಿಗೆ ಹೇಳುತ್ತೇನೆ.

ತಿರುವು

ನನಗೆ ಒಂದು ಲೆಕ್ಕ ಕೂಡಿಬಂದಿರಲಿಲ್ಲ. ಮೂರು ದಿನದ ಭೇದಿ, ಜೊತೆಗೆ ಟೆಲ್ಮಿಸಾರ್ಟಾನ್, ಕ್ಲೋರ್‌ಥಾಲಿಡೋನ್. ಇಷ್ಟರಿಂದಲೂ ಕಿಡ್ನಿ ಕುಸಿಯಬಹುದು, ನಿಜ. ಆದರೂ ಈ ಮಟ್ಟಕ್ಕೆ, ಇಷ್ಟು ಬೇಗ? ದಾಖಲಾದ ದಿನವೂ ಅದೇ ಪ್ರಶ್ನೆ ಕೇಳಿದ್ದೆ, "ಬೇರೆ ಮಾತ್ರೆ ಏನಾದ್ರೂ?" ಅದೇ ಉತ್ತರ, "ಇಲ್ಲ."

ಎಳನೀರಿನ ಮಾತು ಮುಗಿಸಿ ಏಳುವಾಗ ರೈಟ್ರು ಹೊದಿಕೆಯ ಕೆಳಗೆ ಎಡ ಮಂಡಿ ಉಜ್ಜಿಕೊಳ್ಳುತ್ತಿದ್ದರು. ಸುಮ್ನೆ ಕೇಳಿದೆ. "ಮಂಡಿ ನೋವಾ ರೈಟ್ರೇ? ನೋವಿಗೆ ಏನ್ ಮಾಡ್ಕೋತೀರಾ?"

"ಮೆಡಿಕಲ್‌ನಲ್ಲಿ ಕೊಡ್ತಾರಲ್ಲ, ಅದು. ಬೆಳಿಗ್ಗೆ ಒಂದು, ರಾತ್ರಿ ಒಂದು. ಇಲ್ದಿದ್ರೆ ತೋಟ ಇಳಿಯೋಕಾಗಲ್ಲ."

ಹೆಂಡತಿ ಕೈಚೀಲದಿಂದ ಅವರ ಹಾಜರಿ ಪುಸ್ತಕ ತೆಗೆದರು. ಅದರ ಪುಟಗಳ ನಡುವೆ ಒಂದು ಕಂದು ಕಾಗದದ ಕವರ್. ಒಳಗೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್‌ನ ತುಂಡುಗಳು, ನಾಲ್ಕು ಮಾತ್ರೆಯದೊಂದು, ಎರಡರದೊಂದು. ತಯಾರಿಕೆ ದಿನಾಂಕ ಇದ್ದ ಅಂಚು ಹೋಗಿತ್ತು. ಹಿಂಬದಿಯ ಹೊಳೆಯುವ ಹಾಳೆಯಲ್ಲಿ ಔಷಧಿಯ ಹೆಸರಿನ ಬಾಲ ಮಾತ್ರ ಉಳಿದಿತ್ತು: "ಫೆನಾಕ್". ಕವರ್ ಮೇಲೆ ಪೆನ್ನಿನಲ್ಲಿ ಬರೆದ 1-0-1. ಅಂಗಡಿಗೆ ಫೋನ್ ಮಾಡಿಸಿದಾಗ ಅಸಿಕ್ಲೋಫೆನಾಕ್ ಎಂದು ಖಚಿತವಾಯಿತು. ಚೀಟಿ ಇಲ್ಲದೆ ಕೊಡುವಂತಿಲ್ಲದ ಮಾತ್ರೆ. ಕಳೆದ ವರ್ಷದ ಕೊಯ್ಲಿನಿಂದ, ಅಂದರೆ ಒಂದು ವರ್ಷಕ್ಕೂ ಮೇಲೆ, ಹೆಚ್ಚು ಕಡಿಮೆ ದಿನಾ ನುಂಗಿದ್ದರು.

"ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?" ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಈಗ ನಾಚಿಕೆಯಾಗುತ್ತದೆ. ಅವರು ಮುಗ್ಧವಾಗಿ ಹೇಳಿದರು. "ನೀವು ಮಾತ್ರೆ ಅಂದ್ರಿ. ನಾನು ಕಾಯಿಲೆ ಮಾತ್ರೆ ಅನ್ಕೊಂಡೆ. ಇದು ನೋವಿಂದಲ್ವಾ."

ಅವರ ಲೆಕ್ಕದಲ್ಲಿ ಡಾಕ್ಟರ್ ಕೊಟ್ಟದ್ದು ಮಾತ್ರೆ. ಅಂಗಡಿಯಲ್ಲಿ ಬೆಂಕಿಪೊಟ್ಟಣ, ಸೋಪಿನ ಜೊತೆ ತರುವಷ್ಟು ಸಲೀಸಾಗಿ ತಂದದ್ದು ಔಷಧಿಯ ಪಟ್ಟಿಗೆ ಸೇರುವುದೇ ಇಲ್ಲ. ನಾನು ಎರಡು ಸಲ ಕೇಳಿದ್ದೆ, ಎರಡು ಸಲವೂ ಅವರು ಸತ್ಯವನ್ನೇ ಹೇಳಿದ್ದರು. ಪ್ರಶ್ನೆ ಅವರಿಗೆ ತಲುಪಿರಲಿಲ್ಲ.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಪಕ್ಕದ ತೋಟದಲ್ಲಿ ಅವರ ಸ್ನೇಹಿತರೊಬ್ಬರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಡಯಾಲಿಸಿಸ್‌ಗೆ ಬಿದ್ದಿದ್ದರು. ಅದಕ್ಕೇ ಆವತ್ತು ಆ ಪ್ರಶ್ನೆ. "ಅವರೂ ಮಂಡಿ ನೋವಿಗೆ ಇದನ್ನೇ ತಗೋತಿದ್ರು. ಹೇಳಿ ಕೇಳೋಣ ಅನ್ಕೊಂಡೆ, ನೀವು ಬಿಜಿ ಇದ್ರಿ." ಸ್ನೇಹಿತರ ಕಿಡ್ನಿಗೆ ಏನಾಗಿತ್ತೋ ಅವರನ್ನು ನೋಡದೆ ನಾನು ಹೇಳಲಾರೆ. ಆದರೆ ಆವತ್ತು ನಾನು "ಯಾಕೆ ಹಾಗೆ ಅನ್ನಿಸ್ತು?" ಅಂತ ಒಂದು ಮಾತು ಕೇಳಿದ್ದರೆ ಆ ಕಂದು ಕವರ್ 11 ತಿಂಗಳ ಹಿಂದೆಯೇ ನನ್ನ ಮೇಜಿನ ಮೇಲೆ ಇರುತ್ತಿತ್ತು.

ಕಿಡ್ನಿ ಏಕೆ ನಿಂತಿತು

ರೈಟ್ರಿಗೆ ಇದನ್ನು ವಿವರಿಸಲು ಅವರ ತೋಟದ ಮಾತೇ ನೆರವಿಗೆ ಬಂತು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. "ಕೆರೆಯಲ್ಲಿ ನೀರು ತಳ ಕಂಡಿದೆ. ಪಂಪಿಂದ ಬರೋ ಮೇನ್ ವಾಲ್ವ್ ಅರ್ಧ ಮುಚ್ಚಿದೆ. ಆಚೆ ತುದಿ ಲೈನ್ ಪೂರ್ತಿ ತೆರೆದಿದೆ. ಸ್ಪ್ರಿಂಕ್ಲರ್ ತಿರುಗುತ್ತಾ?" ಅಂದೆ. "ಎಲ್ಲಿ ತಿರುಗುತ್ತೆ? ಪ್ರೆಶರ್ರೇ ಇರಲ್ವಲ್ಲ" ಅಂದರು.

ಕಿಡ್ನಿಯ ಜರಡಿಯೂ ಪ್ರೆಶರ್ ಮೇಲೆಯೇ ಕೆಲಸ ಮಾಡುವುದು. ಭೇದಿ ಮತ್ತು ಕ್ಲೋರ್‌ಥಾಲಿಡೋನ್ ಸೇರಿ ಕೆರೆ ಬತ್ತಿಸಿದವು. ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ಸುರಿಸಿ ಒಳಬರುವ ರಕ್ತನಾಳವನ್ನು ಅಗಲ ಇಟ್ಟುಕೊಳ್ಳುತ್ತದೆ. ಅಸಿಕ್ಲೋಫೆನಾಕ್, ಡಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಅದನ್ನೇ ತಡೆಯುತ್ತವೆ. ನೋವು ಇಳಿಯುವುದೂ ಅದರಿಂದಲೇ. ಒಳಗಿನ ವಾಲ್ವ್ ಕಿರಿದಾಯಿತು. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಬೇರೆ ದಿನಗಳಲ್ಲಿ ಇದು ಒಳ್ಳೆಯದು, ಜರಡಿಯ ಮೇಲಿನ ಭಾರ ಇಳಿಯುತ್ತದೆ. ಆ ಮೂರು ದಿನ ಮಾತ್ರ ಅದೇ ಮುಳುವಾಯಿತು. ಒಂದೊಂದಾಗಿ ಬಂದಿದ್ದರೆ ಕಿಡ್ನಿ ತಡೆದುಕೊಳ್ಳುತ್ತಿತ್ತೇನೋ. ಮೂರೂ ಒಟ್ಟಿಗೆ ಬಂದವು.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಈ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ. ಬಿಪಿ ಮಾತ್ರೆಗಳ ಕೆಲಸವನ್ನೂ ಕುಗ್ಗಿಸುತ್ತವೆ. ನೆಟ್ಟಗಿದ್ದ ಬಿಪಿ ಆ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ 158ಕ್ಕೆ ಏರಿದ್ದು ಕೊಯ್ಲಿನಲ್ಲಿ ಶುರು ಮಾಡಿದ ಈ ಮಾತ್ರೆಯಿಂದಲೇ ಇರಬೇಕು. ಅದನ್ನು ಹುಡುಕುವ ಬದಲು ನಾನು ಮೂರನೇ ಮಾತ್ರೆ ಬರೆದೆ. ಆ ಮೂರನೆಯದೇ ಈಗ ಕೆರೆ ಬತ್ತಿಸಲು ಕೈ ಜೋಡಿಸಿತು. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಬರೆಯುವ ಈ ಸರಪಳಿ ನಮ್ಮ ಕೆಲಸದಲ್ಲಿ ಎಷ್ಟು ಸುಲಭವಾಗಿ ಬೆಳೆಯುತ್ತದೆ ಎಂದು ಯುವ ವೈದ್ಯರಿಗೆ ಹೇಳುವಾಗ ಈಗ ರೈಟ್ರ ಕಥೆಯನ್ನೇ ಹೇಳುತ್ತೇನೆ.

ಆದದ್ದು

ಮೂರನೇ ದಿನ ಕ್ರಿಯಾಟಿನಿನ್ 3.1, ಐದನೇ ದಿನ 2.2, ಏಳನೇ ದಿನ ಮನೆಗೆ ಕಳಿಸುವಾಗ 1.6. ಡಯಾಲಿಸಿಸ್ ಬೇಕಾಗಲಿಲ್ಲ. ಆರು ವಾರಕ್ಕೆ 1.2ಕ್ಕೆ ಬಂತು. ಹಳೆಯ 1.0 ಮಾತ್ರ ಮತ್ತೆ ಬಂದಿಲ್ಲ. ಒಮ್ಮೆ ಹೀಗೆ ಪೆಟ್ಟು ತಿಂದ ಕಿಡ್ನಿಗೆ ಮುಂದೆಯೂ ಅಪಾಯ ಸ್ವಲ್ಪ ಜಾಸ್ತಿ, ಅದಕ್ಕೆ ಪರೀಕ್ಷೆ ತಪ್ಪಿಸಬಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ.

ಮನೆಗೆ ಹೋಗುವಾಗ ಆಮ್ಲೋಡಿಪಿನ್ ಒಂದೇ. ಮೂರು ವಾರದ ನಂತರ ಬಿಪಿ 146/90 ಇತ್ತು. ಇಲ್ಲಿ ಮನೆಯವರಿಗೂ ನನಗೂ ಸ್ವಲ್ಪ ವಾದ ಆಯಿತು. ಟೆಲ್ಮಿಸಾರ್ಟಾನ್ ಮತ್ತೆ ಬೇಡವೇ ಬೇಡ ಎಂದು ಮಗ ಪಟ್ಟು ಹಿಡಿದ. ಅವನಿಗೆ ಹೇಗೆ ಅನ್ನಿಸಿರಬಹುದು ಎಂದು ಅರ್ಥವಾಗುತ್ತದೆ. ಆದರೆ ಬೇರೆ ದಿನಗಳಲ್ಲಿ ಕಿಡ್ನಿಯ ಭಾರ ಇಳಿಸುವ ಆ ಮಾತ್ರೆಯನ್ನು ಜೀವನವಿಡೀ ದೂರ ಇಡುವುದು ಸರಿ ಎಂದು ನನಗೆ ತೋರಲಿಲ್ಲ. 20 ಮಿಲಿಗ್ರಾಂನಿಂದ ಶುರು ಮಾಡಿ, ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿದೆವು. ಎರಡೂ ಸರಿ ಇದ್ದವು. ಆಮೇಲೆ 40. ಬಿಪಿ 132/82ಕ್ಕೆ ಬಂದು ನಿಂತಿತು. ಕ್ಲೋರ್‌ಥಾಲಿಡೋನ್ ಮತ್ತೆ ಬೇಕಾಗಲೇ ಇಲ್ಲ.

ಹೊಟ್ಟೆ ಕೆಟ್ಟ ದಿನಗಳಿಗೆ ಒಂದು ಚೀಟಿ ಕನ್ನಡದಲ್ಲಿ ಬರೆದುಕೊಟ್ಟೆ. ವಾಂತಿ, ಭೇದಿ ಜೋರಾಗಿ ಆಗಿ ಊಟ, ನೀರು ನಿಲ್ಲದಿದ್ದರೆ ಆವತ್ತು ಟೆಲ್ಮಿಸಾರ್ಟಾನ್ ನುಂಗುವ ಮುಂಚೆ ಫೋನ್ ಮಾಡಿ. ಒಂದು ಲೀಟರ್‌ನ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಕಮ್ಮಿ ನೀರಿಗೆ ಬೇಡ. ಮೂತ್ರ ಕಮ್ಮಿಯಾದರೆ ಅಥವಾ ಎದ್ದರೆ ತಲೆ ಸುತ್ತಿದರೆ ಕಾಯದೆ ಬನ್ನಿ. ಎರಡು ದಿನ ಸರಿಯಾಗಿ ಉಂಡ ಮೇಲೆ ಮಾತ್ರೆ ಮತ್ತೆ ಶುರು, ಮರೆಯಬೇಡಿ. ಓದುವವರು ಒಂದು ಗಮನಿಸಬೇಕು. ಇದು ರೈಟ್ರಿಗೆ ಬರೆದ ಚೀಟಿ. ಹೃದಯ ದುರ್ಬಲವಾಗಿರುವವರಿಗೆ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಲೆಕ್ಕ ಬೇರೆ. ನಿಮ್ಮ ಚೀಟಿಯನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ, ಅದೂ ಮೈ ಚೆನ್ನಾಗಿರುವಾಗಲೇ.

ಕೊಠಡಿಯಲ್ಲಿ ನನ್ನ ಪ್ರಶ್ನೆಗಳೂ ಬದಲಾದವು. "ಬೇರೆ ಮಾತ್ರೆ ತಗೋತೀರಾ?" ಎಂಬುದನ್ನು ಬಿಟ್ಟಿದ್ದೇನೆ. "ಮೈಕೈ ನೋವಿಗೆ ಏನ್ ಮಾಡ್ಕೋತೀರಾ? ಗ್ಯಾಸ್‌ಗೆ? ನಿದ್ದೆ ಬರದಿದ್ರೆ?" ಅಂತ ಒಂದೊಂದಾಗಿ ಕೇಳುತ್ತೇನೆ. ಅರ್ಧ ನಿಮಿಷ ಸಾಕು. ಚೀಲ, ಜೇಬು, ಪರ್ಸ್‌ನಿಂದ ಕತ್ತರಿಸಿದ ಸ್ಟ್ರಿಪ್‌ಗಳು ಹೊರಬರುತ್ತವೆ. ಬಿಪಿ ಮಾತ್ರೆ ಕಿಡ್ನಿಗೆ ಕೆಟ್ಟದ್ದಾ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಮುಂಚೆ "ಯಾರಿಗಾದ್ರೂ ಹಾಗಾಗಿದ್ದು ನೋಡಿದೀರಾ?" ಅನ್ನುತ್ತೇನೆ.

ಮಂಡಿಯ ವಿಷಯ ಇನ್ನೂ ಮುಗಿದಿಲ್ಲ. ಎಕ್ಸ್‌ರೇನಲ್ಲಿ ಸವೆತ ಚೆನ್ನಾಗಿಯೇ ಕಾಣುತ್ತದೆ. ಪ್ಯಾರಾಸಿಟಮಾಲ್, ಹಚ್ಚುವ ಜೆಲ್, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಇಳಿಜಾರಿಗೆ ಒಂದು ಕೋಲು. ತೂಕ 4 ಕೆಜಿ ಇಳಿಸಿದ್ದಾರೆ. ನೋವು ಅರ್ಧ ಕಮ್ಮಿ ಅನ್ನುತ್ತಾರೆ, ಇನ್ನರ್ಧ ಹಾಗೇ ಇದೆ. ಈ ಜನವರಿಯಲ್ಲಿ ಬಂದು ಕೇಳಿದರು. "ಕೊಯ್ಲು ಜೋರಿದೆ ಡಾಕ್ಟ್ರೇ. ನಾಲ್ಕು ದಿನಕ್ಕಾದ್ರೂ ಆ ಮಾತ್ರೆ ಬರ್ಕೊಡಿ."

ಬೇಡ ಎಂದು ಹೇಳುವುದು ಸುಲಭ. ನಾನು ಇಳಿಜಾರು ಇಳಿಯಬೇಕಾಗಿಲ್ಲ. ಅದಕ್ಕೆ ಈ ಸಲ ಕುರ್ಚಿ ಎಳೆದು ಕೂರಿಸಿ, ದಿನದಲ್ಲಿ ಎಷ್ಟು ಸಲ ಇಳಿದು ಹತ್ತುತ್ತೀರಿ ಎಂದು ಕೇಳಿದೆ. ಆರು ಸಲ. ಅದರಲ್ಲಿ ನಾಲ್ಕು ಸಲ ಹಾಜರಿ, ಲೆಕ್ಕಕ್ಕೆ ಅಷ್ಟೇ. ತೋಟದ ಮಾಲೀಕರಿಗೆ ತೋರಿಸಲು ಒಂದು ಪತ್ರ ಬರೆದುಕೊಟ್ಟೆ. ಈಗ ಒಬ್ಬ ಹುಡುಗ ಕೆಳಗೆ ಹೋಗಿ ಬರುತ್ತಾನೆ, ರೈಟ್ರು ಕಣದ ಹತ್ತಿರ ತೂಕ ನೋಡಿಕೊಳ್ಳುತ್ತಾರೆ. ಮಂಡಿ ಆಪರೇಷನ್ ಬಗ್ಗೆ ಮೂಳೆ ವೈದ್ಯರನ್ನು ನೋಡಲು ಇನ್ನೂ ಮನಸ್ಸು ಮಾಡಿಲ್ಲ. ಕ್ರಿಯಾಟಿನಿನ್ ಪರೀಕ್ಷೆ ಮಾರ್ಚ್‌ನಲ್ಲಿ, ಸ್ಪ್ರಿಂಕ್ಲರ್ ಕೆಲಸ ಮುಗಿದ ವಾರ. ದಿನಾಂಕವನ್ನು ಹಾಜರಿ ಪುಸ್ತಕದಲ್ಲಿ ಅವರೇ ಬರೆದುಕೊಂಡರು.